ಬೀಳುವ ವಸ್ತುವಿಗೆ ನಿಲ್ಲಲು ಜಾಗ ಕೊಡಿ
ಹಳೆಯ ರೇಡಿಯೋದ ಗಾಜಿನ ವಾಲ್ವ್ ಒಂದನ್ನು ಪಾರ್ಸಲ್‌ನಲ್ಲಿ ಸುರಕ್ಷಿತವಾಗಿ ತರಿಸಿದ ಕಥೆ, ಅದರ ಹಿಂದಿನ ವಿಜ್ಞಾನ



ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ. ಹತ್ತನೆಯ ತರಗತಿಯ ಒಬ್ಬ ಹುಡುಗಿ ವಿಜ್ಞಾನದ ತಾಸು ಮುಗಿದ ಮೇಲೆ ನನ್ನ ಟೇಬಲ್ ಹತ್ತಿರ ಬಂದು ನಿಂತಳು. "ಸರ್, ನಮ್ಮ ಮುತ್ಯಾನ ರೇಡಿಯೋ ಬಂದ್ ಬಿದ್ದದ. ಹೊಸಾದು ತಂದುಕೊಡ್ತೀವಿ ಅಂದ್ರ ಬ್ಯಾಡ ಅಂತಾನ. ಅದೇ ಬೇಕಂತ. ನೀವೊಮ್ಮೆ ನೋಡ್ರಿ" ಅಂದಳು.

ನಮ್ಮದು ಸೋಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ಹಿಂದಿನವರಿಗೆ ಕನ್ನಡದ ಹಾಡು, ನಾಟಕ, ವಾರ್ತೆ ಎಲ್ಲವೂ ಬರುತ್ತಿದ್ದದ್ದು ರೇಡಿಯೋದಿಂದ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರಲ್ಲಿ. ಆ ಮುತ್ಯಾ ತರುಣನಾಗಿದ್ದಾಗ ಧಾರವಾಡ ಹಿಡಿಯಲೆಂದೇ ಆ ರೇಡಿಯೋ ಕೊಂಡಿದ್ದನಂತೆ. ಹೀಗಿರುವಾಗ ಬೇರೆಯದು ಬೇಡ ಅನ್ನುವುದು ಸಹಜವೇ ಅಲ್ಲವೇ?

ನಮ್ಮೂರ ಬಜಾರದಲ್ಲಿ ಟಿವಿ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ರೇಡಿಯೋವನ್ನು ಅವರ ಅಂಗಡಿಗೆ ಒಯ್ದೆವು. ಹಿಂದಿನ ಹಲಗೆ ತೆಗೆದಾಗ ಒಳಗೆ ಹೆಬ್ಬೆರಳಿನ ಗಾತ್ರದ ಐದು ಗಾಜಿನ ಕೊಳವೆಗಳು ಸಾಲಾಗಿ ನಿಂತಿದ್ದವು. ಇವೇ ವಾಲ್ವ್‌ಗಳು, ಅಂದರೆ ನಿರ್ವಾತ ನಳಿಕೆಗಳು. ಮೀಟರ್ ಹಚ್ಚಿ ನೋಡಿ ಅವರು, "ಒಂದರ ಫಿಲಮೆಂಟ್ ಹೋಗ್ಯದ. ಇದು ಸಿಕ್ಕರ ರೇಡಿಯೋ ಹಾಡ್ತದ" ಅಂದರು. ಕೊಳವೆಯ ಮೇಲೆ ಇಸಿಎಚ್ 81 ಎಂದು ಬರೆದಿತ್ತು. ಅವರ ಹತ್ತಿರ ಅದು ಇರಲಿಲ್ಲ. ಧಾರವಾಡದಲ್ಲಿ ಅವರಿಗೆ ಪರಿಚಯದ ಹಳೆಯ ರೇಡಿಯೋ ಮೆಕ್ಯಾನಿಕ್ ಒಬ್ಬರ ಬಳಿ ಎರಡು ಉಳಿದಿದ್ದವು.

ಫೋನ್ ಮಾಡಿದೆವು. ಅವರು ಸಂತೋಷದಿಂದ ಒಂದನ್ನು ಕಳಿಸಿದರು. ನಾಲ್ಕು ದಿನಕ್ಕೆ ಪಾರ್ಸಲ್ ಬಂತು. ತೆರೆದು ನೋಡಿದರೆ ಚಿಕ್ಕ ಡಬ್ಬಿ, ಅದರಲ್ಲಿ ಒತ್ತಿ ತುಂಬಿದ ಹತ್ತಿ, ನಡುವೆ ವಾಲ್ವ್. ಗಾಜು ಒಡೆದಿರಲಿಲ್ಲ. ಹುಡುಗಿಯ ಮುಖ ಅರಳಿತು. ಆದರೆ ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಸತ್ತದ" ಅಂದುಬಿಟ್ಟರು.

ಹಾಕಿ ನೋಡದೆಯೇ ಅವರಿಗೆ ಹೇಗೆ ಗೊತ್ತಾಯಿತು? ಅದನ್ನೇ ಮೊದಲು ತಿಳಿಯೋಣ.

ಗಾಜಿನೊಳಗಿನ ಬೆಳ್ಳಿ ಬಣ್ಣ

ವಾಲ್ವ್‌ನ ಹೆಸರಿನಲ್ಲೇ ಅದರ ಜಾತಕ ಇದೆ. ಇಸಿಎಚ್ 81ರಲ್ಲಿ 'ಇ' ಎಂದರೆ ಅದರ ಹೀಟರ್ 6.3 ವೋಲ್ಟ್‌ನಲ್ಲಿ ಕಾಯುತ್ತದೆ ಎಂದರ್ಥ. 'ಸಿ' ಎಂದರೆ ಟ್ರಯೋಡ್. 'ಎಚ್' ಎಂದರೆ ಹೆಚ್ಚು ಗ್ರಿಡ್‌ಗಳಿರುವ ಇನ್ನೊಂದು ಭಾಗ. '8' ಎಂದರೆ ಒಂಬತ್ತು ಪಿನ್ನುಗಳ ಬುಡ. ಅಂದರೆ ಒಂದೇ ಗಾಜಿನೊಳಗೆ ಎರಡು ವಾಲ್ವ್‌ಗಳ ಸಂಸಾರ! ಏರಿಯಲ್ಲಿನಿಂದ ಬಂದ ತರಂಗದ ಆವೃತ್ತಿಯನ್ನು ಬದಲಾಯಿಸಿ ಮುಂದಿನ ವಾಲ್ವ್‌ಗೆ ಕೊಡುವುದು ಇದರ ಕೆಲಸ. ಇದು ನಿಂತರೆ ಯಾವ ಸ್ಟೇಶನ್ನೂ ಬರುವುದಿಲ್ಲ.

ಒಳಗೆ ನಡುವೆ ಕ್ಯಾಥೋಡ್ ಎಂಬ ತೆಳು ಕೊಳವೆ. ಅದರೊಳಗೆ ಹೀಟರ್. ಸುತ್ತಲೂ ಕೂದಲಿನಂಥ ತಂತಿ ಸುತ್ತಿದ ಗ್ರಿಡ್‌ಗಳು. ಹೊರಗೆ ತಗಡಿನ ಆನೋಡ್. ಇವೆಲ್ಲವನ್ನೂ ಮೇಲೆ ಕೆಳಗೆ ಎರಡು ಅಭ್ರಕದ ಬಿಲ್ಲೆಗಳು ಹಿಡಿದಿರುತ್ತವೆ. ಕ್ಯಾಥೋಡ್‌ಗೂ ಮೊದಲ ಗ್ರಿಡ್‌ಗೂ ನಡುವಿನ ಅಂತರ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಕ್ಯಾಥೋಡ್ ಕಾದಾಗ ಎಲೆಕ್ಟ್ರಾನ್‌ಗಳು ಹೊರಬಿದ್ದು ಆನೋಡ್ ಕಡೆಗೆ ಓಡುತ್ತವೆ. ಈ ಓಟಕ್ಕೆ ದಾರಿ ಖಾಲಿ ಇರಬೇಕು, ಗಾಳಿ ಇರಬಾರದು. ಅದಕ್ಕೇ ನಿರ್ವಾತ.

ಗಾಳಿಯನ್ನು ಎಷ್ಟು ಹೊರತೆಗೆದರೂ ಸ್ವಲ್ಪ ಉಳಿಯುತ್ತದೆ. ಅದನ್ನು ನುಂಗಲು ಕಾರ್ಖಾನೆಯಲ್ಲಿ ಒಳಗೆ ಸ್ವಲ್ಪ ಬೇರಿಯಂ ಲೋಹವನ್ನು ಆವಿ ಮಾಡುತ್ತಾರೆ. ಅದು ಗಾಜಿನ ಒಳಮೈಗೆ ಕನ್ನಡಿಯಂತೆ ಅಂಟಿಕೊಳ್ಳುತ್ತದೆ. ಇದರ ಹೆಸರು ಗೆಟರ್. ಎಲ್ಲಿಯವರೆಗೆ ಒಳಗೆ ನಿರ್ವಾತ ಇದೆಯೋ ಅಲ್ಲಿಯವರೆಗೆ ಇದು ಬೆಳ್ಳಿಯಂತೆ ಹೊಳೆಯುತ್ತದೆ. ಕಣ್ಣಿಗೆ ಕಾಣದ ಬಿರುಕಿನಿಂದ ಗಾಳಿ ಒಳಗೆ ಹೋದರೂ ಸಾಕು, ಬೇರಿಯಂ ಆಮ್ಲಜನಕದ ಜೊತೆ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ.

ನಮಗೆ ಬಂದ ವಾಲ್ವ್‌ನ ತಲೆ ಹಾಲಿನಂತೆ ಬೆಳ್ಳಗಿತ್ತು. ಭೂತಗನ್ನಡಿ ಹಿಡಿದು ನೋಡಿದಾಗ ಒಂದು ಪಿನ್ನಿನ ಬುಡದಲ್ಲಿ ಗಾಜು ಕೂದಲೆಳೆಯಷ್ಟು ಸೀಳಿತ್ತು. ಡಬ್ಬಿ ಎಲ್ಲೋ ಜೋರಾಗಿ ಬಿದ್ದಿರಬೇಕು. ಪಿನ್ನಿಗೆ ಪೆಟ್ಟು ತಗುಲಿ ಗಾಜು ಬಿರಿದಿತ್ತು.

"ಎತ್ತಿ ಒಗದಾರೇನ್ರಿ ಸರ್?" ಎಂದು ಹುಡುಗಿ ಕೇಳಿದಳು. ಒಗೆದಿರಬಹುದು. ಚೀಲದ ಕೆಳಗೆ ಸಿಕ್ಕಿರಬಹುದು, ಗಾಡಿಯಿಂದ ಜಾರಿರಬಹುದು. ಆದರೆ ತಪ್ಪು ನನ್ನದೂ ಇತ್ತು. ಹೇಗೆ ಕಟ್ಟಿ ಕಳಿಸಬೇಕೆಂದು ನಾನು ಒಂದು ಮಾತೂ ಹೇಳಿರಲಿಲ್ಲ. ಸಾವಿರಾರು ಪಾರ್ಸಲ್‌ಗಳ ನಡುವೆ ನಮ್ಮದನ್ನು ಮಾತ್ರ ಯಾರೂ ಅಂಗೈಯಲ್ಲಿ ಹಿಡಿದು ತರುವುದಿಲ್ಲ. ಪಾರ್ಸಲ್ ಬೀಳುತ್ತದೆ ಎಂದು ತಿಳಿದೇ ಅದನ್ನು ಕಟ್ಟಬೇಕು.

ಧಾರವಾಡಕ್ಕೆ ಮತ್ತೆ ಫೋನ್ ಮಾಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇನ್ನ ಒಂದ ಉಳದೈತಿ ನೋಡ್ರಿ ಸರ್. ಇದೂ ಒಡದ್ರ ಮುಗದು ಹೋತು" ಅಂದರು.

ಅವರ ಮಾತು ನಿಜ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತು. ಆದರೆ ಆ ಹೊತ್ತಿಗಾಗಲೇ ಟ್ರಾನ್ಸಿಸ್ಟರ್ ಬಂದಿತ್ತು. ನಿಧಾನವಾಗಿ ವಾಲ್ವ್ ರೇಡಿಯೋಗಳ ಕಾಲ ಮುಗಿಯಿತು. ಇಂದು ಇಂಥ ಭಾಗಗಳು ಸಿಗುವುದು ಹಳೆಯ ಅಂಗಡಿಗಳ ಕಪಾಟಿನಲ್ಲಿ, ಇಲ್ಲವೇ ಬೇರೆ ರೇಡಿಯೋದಿಂದ ಕಿತ್ತದ್ದು. ಒಂದು ಒಡೆದರೆ ಲೋಕದಲ್ಲಿ ಒಂದು ಕಡಿಮೆಯಾಯಿತು ಅಷ್ಟೇ.

ಹಾಗಾಗಿ ಎರಡನೆಯ ವಾಲ್ವ್ ತರಿಸುವ ಮೊದಲು ನಾವು ಪುಸ್ತಕ ತೆಗೆದೆವು. ಒಂಬತ್ತನೆಯ ತರಗತಿಯ ಬಲ ಮತ್ತು ಚಲನೆಯ ಪಾಠ!

ಒಂದು ಸಣ್ಣ ಲೆಕ್ಕ

1 ಮೀಟರ್ ಎತ್ತರದ ಟೇಬಲ್‌ನಿಂದ ಒಂದು ಡಬ್ಬಿ ಬಿದ್ದಿತು ಎನ್ನೋಣ. ನೆಲ ಮುಟ್ಟುವಾಗ ಅದರ ವೇಗ ಎಷ್ಟು? v² = 2gh ಸೂತ್ರದಲ್ಲಿ g = 10 ಇಟ್ಟರೆ v² = 20. ಅಂದರೆ ವೇಗ ಸೆಕೆಂಡಿಗೆ ಸುಮಾರು 4.5 ಮೀಟರ್. ಇದು ಡಬ್ಬಿ ಹಗುರವಿರಲಿ, ಭಾರವಿರಲಿ, ಒಂದೇ.

ಈಗ ಈ ವೇಗ ಸೊನ್ನೆ ಆಗಬೇಕು. ಎಷ್ಟು ದೂರದಲ್ಲಿ ಸೊನ್ನೆ ಆಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ನಿಲ್ಲುವ ದೂರ s ಆದರೆ, ನಿಲ್ಲಿಸುವ ಸರಾಸರಿ ವೇಗೋತ್ಕರ್ಷ v²/2s. ಇದರಲ್ಲಿ v² ಬದಲು 2gh ಹಾಕಿ. ಉತ್ತರ g × h/s. ಎಷ್ಟು ಸರಳವಾಯಿತು ನೋಡಿ: ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಗುರುತ್ವದ ಎಷ್ಟು ಪಟ್ಟು ಪೆಟ್ಟು ಬಿತ್ತು ಎಂದು ಗೊತ್ತಾಗುತ್ತದೆ.

ಗಟ್ಟಿ ಡಬ್ಬಿ ಗಟ್ಟಿ ನೆಲಕ್ಕೆ ಬಿದ್ದು 1 ಮಿಲಿಮೀಟರ್‌ನಲ್ಲಿ ನಿಂತರೆ: 1000 ಮಿ.ಮೀ. ÷ 1 ಮಿ.ಮೀ. = 1000 ಪಟ್ಟು.

ಮೆತ್ತೆ ಇದ್ದು 2.5 ಸೆಂಟಿಮೀಟರ್‌ನಲ್ಲಿ ನಿಂತರೆ: 100 ಸೆಂ.ಮೀ. ÷ 2.5 ಸೆಂ.ಮೀ. = 40 ಪಟ್ಟು.

ವಾಲ್ವ್‌ನ ತೂಕ 15 ಗ್ರಾಂ ಎಂದಿಟ್ಟುಕೊಳ್ಳಿ. ಮೊದಲ ಸಂದರ್ಭದಲ್ಲಿ ಅದರ ಮೇಲೆ 15 ಕಿಲೋ ತೂಕದ ಕಲ್ಲು ಇಟ್ಟಷ್ಟು ಬಲ ಬೀಳುತ್ತದೆ. ಎರಡನೆಯದರಲ್ಲಿ 600 ಗ್ರಾಂ ಇಟ್ಟಷ್ಟು ಮಾತ್ರ. ಎತ್ತರ ಅದೇ, ವೇಗ ಅದೇ, ನೆಲವೂ ಅದೇ. ಬದಲಾದದ್ದು ನಿಲ್ಲುವ ದೂರ ಮಾತ್ರ. ಇದು ಸರಾಸರಿ ಲೆಕ್ಕ. ಒಂದು ಕ್ಷಣಕ್ಕೆ ಬಲ ಇದಕ್ಕಿಂತ ಹೆಚ್ಚೂ ಆಗಬಹುದು. ಆದರೂ ಒಟ್ಟು ಅಂದಾಜಿಗೆ ಇದು ಸಾಕು.

ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀರಲ್ಲ, ಅದೂ ಇದೇ. ನಿಮ್ಮ ಕೈ ಚೆಂಡಿಗೆ ನಿಲ್ಲಲು ಜಾಗ ಕೊಡುತ್ತದೆ. ಪ್ಯಾಕಿಂಗ್ ಎಂದರೆ ಬೇರೇನೂ ಅಲ್ಲ, ಬೀಳುವ ವಸ್ತುವಿಗೆ ನಿಲ್ಲಲು ಜಾಗ ಕೊಡುವುದು.

ಹತ್ತಿ ಮೆತ್ತಗೇ ಇತ್ತಲ್ಲ?

ಹಾಗಾದರೆ ಮೊದಲ ಪಾರ್ಸಲ್‌ನಲ್ಲಿ ಹತ್ತಿ ಇತ್ತಲ್ಲ, ಅದೇಕೆ ಕಾಪಾಡಲಿಲ್ಲ? ಎಂಟನೆಯ ತರಗತಿಯ ಹುಡುಗನೊಬ್ಬ ಈ ಪ್ರಶ್ನೆ ಕೇಳಿದ. ಒಳ್ಳೆಯ ಪ್ರಶ್ನೆ.

ಹತ್ತಿಯನ್ನು ಚಿಕ್ಕ ಡಬ್ಬಿಯಲ್ಲಿ ಒತ್ತಿ ಒತ್ತಿ ತುಂಬಿದ್ದರು. ಆಗಲೇ ಕುಗ್ಗಿದ ಹತ್ತಿ ಮತ್ತೆ ಕುಗ್ಗಲಾರದು. ಅದರ ಮೆತ್ತಗಿನ ಗುಣ ತುಂಬುವಾಗಲೇ ಖರ್ಚಾಗಿತ್ತು. ಇದು ಒಂದು ತಪ್ಪು. ಇದಕ್ಕೆ ಉಲ್ಟಾ ತಪ್ಪೂ ಇದೆ. ಮೆತ್ತೆ ತೀರಾ ಸಡಿಲವಾಗಿದ್ದರೆ ವಸ್ತು ಅದನ್ನು ಪೂರಾ ಒತ್ತಿಕೊಂಡು ಹೋಗಿ ತಳಕ್ಕೆ ಬಡಿಯುತ್ತದೆ. ಇನ್ನು ಥರ್ಮೋಕೋಲ್‌ನಂಥ ಗಟ್ಟಿ ಹಾಳೆಯ ಮೇಲೆ 15 ಗ್ರಾಂ ವಾಲ್ವ್ ಇಟ್ಟರೆ, ಅಷ್ಟು ಹಗುರ ವಸ್ತುವಿಗೆ ಅದು ಕುಗ್ಗುವುದೇ ಇಲ್ಲ. ಟಿವಿಯಂಥ ಭಾರದ ವಸ್ತುವಿಗೆ ಅದೇ ಥರ್ಮೋಕೋಲ್ ಸರಿಹೋಗುತ್ತದೆ. ಅಂದರೆ ಮೆತ್ತೆ ವಸ್ತುವಿನ ತೂಕಕ್ಕೆ ತಕ್ಕಂತಿರಬೇಕು. ಪೆಟ್ಟು ಬಿದ್ದಾಗ ಸುಮಾರು ಅರ್ಧ ದಪ್ಪದವರೆಗೆ ಕುಗ್ಗುವಂತಿದ್ದರೆ ಒಳ್ಳೆಯದು. 5 ಸೆಂ.ಮೀ. ಮೆತ್ತೆ ಇಟ್ಟರೆ 2.5 ಸೆಂ.ಮೀ. ನಿಲ್ಲುವ ದೂರ ಸಿಗುತ್ತದೆ. ನಮ್ಮ ಲೆಕ್ಕದ 40 ಪಟ್ಟು ಬಂದದ್ದು ಹೀಗೆ.

ಇದು ಹೊಸ ವಿದ್ಯೆಯೇನಲ್ಲ. ಜಾತ್ರೆಗೆ ಬರುವ ಬಳೆಗಾರರು ಗಾಜಿನ ಬಳೆಗಳನ್ನು ದಾರದಲ್ಲಿ ಕಟ್ಟಿ, ಕಾಗದ ಸುತ್ತಿ, ಹುಲ್ಲಿನ ನಡುವೆ ಇಟ್ಟು ತರುತ್ತಿದ್ದರು. ನಮ್ಮ ಕಡೆಯ ದಾಳಿಂಬೆ ಹೊರಗೆ ಹೋಗುವಾಗ ಖೋಕಾದೊಳಗೆ ಕಾಗದದ ಚೂರು ಹಾಸುತ್ತಾರೆ. ಇಂದು ಎಲ್ಲರಿಗೂ ಗೊತ್ತಿರುವ ಗುಳ್ಳೆ ಪ್ಲಾಸ್ಟಿಕ್ಕಿನ ಕಥೆ ಇನ್ನೂ ತಮಾಷೆಯಾಗಿದೆ. 1957ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆಲ್‌ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಎಂಬ ಇಬ್ಬರು ಗೋಡೆಗೆ ಅಂಟಿಸುವ ಹೊಸ ಬಗೆಯ ಹಾಳೆ ಮಾಡಲು ಹೊರಟಿದ್ದರು. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಗಾಳಿಯ ಗುಳ್ಳೆ ಸಿಕ್ಕಿಕೊಂಡವು. ಗೋಡೆಗೆ ಅದನ್ನು ಯಾರೂ ಕೊಳ್ಳಲಿಲ್ಲ. ಆಮೇಲೆ ಐಬಿಎಂ ಕಂಪನಿ ತನ್ನ 1401 ಎಂಬ ಕಂಪ್ಯೂಟರನ್ನು ಸಾಗಿಸುವಾಗ ಇದನ್ನು ಸುತ್ತಿ ಕಳಿಸತೊಡಗಿತು. ನೋಡಿ, ಗುಳ್ಳೆ ಪ್ಲಾಸ್ಟಿಕ್ಕಿನ ಮೊದಲ ದೊಡ್ಡ ಕೆಲಸವೇ ಎಲೆಕ್ಟ್ರಾನಿಕ್ಸ್ ಕಾಪಾಡುವುದಾಗಿತ್ತು!

ಮೊಟ್ಟೆಯ ಪರೀಕ್ಷೆ

ಲೆಕ್ಕ ಸರಿ, ಆದರೆ ಮಾಡಿ ನೋಡಬೇಕಲ್ಲ. ವಾಲ್ವ್ ಬದಲು ಮೊಟ್ಟೆ ತಂದೆವು. ಮೂರು ಗುಂಪು, ಮೂರು ಖೋಕಾ. ಮೊದಲ ಗುಂಪು ಚಿಕ್ಕ ಡಬ್ಬಿಯಲ್ಲಿ ಹತ್ತಿ ಒತ್ತಿ ತುಂಬಿತು. ಎರಡನೆಯ ಗುಂಪು ದೊಡ್ಡ ಖೋಕಾದಲ್ಲಿ ಮೊಟ್ಟೆಯನ್ನು ಕಾಗದದ ಉಂಡೆಗಳ ನಡುವೆ ಸಡಿಲವಾಗಿ ಬಿಟ್ಟಿತು. ಮೂರನೆಯ ಗುಂಪು ಮೊಟ್ಟೆಯನ್ನು ಸಣ್ಣ ಡಬ್ಬಿಯಲ್ಲಿ ಅಲುಗದಂತೆ ಇಟ್ಟು, ಆ ಡಬ್ಬಿಯನ್ನು ದೊಡ್ಡ ಖೋಕಾದ ನಡುವೆ ಇಟ್ಟು, ಆರೂ ಕಡೆ 5 ಸೆಂ.ಮೀ. ದಪ್ಪಕ್ಕೆ ಮುದುಡಿದ ಪತ್ರಿಕೆ ತುಂಬಿತು. ಡಬ್ಬಿಯೊಳಗೆ ಡಬ್ಬಿ.

ಎಲ್ಲವನ್ನೂ 1 ಮೀಟರ್ ಎತ್ತರದಿಂದ ಬೀಳಿಸಿದೆವು. ಒಮ್ಮೆ ತಳದ ಮೇಲೆ, ಒಮ್ಮೆ ಬದಿಯ ಮೇಲೆ, ಒಮ್ಮೆ ಮೂಲೆಯ ಮೇಲೆ. ಮೊದಲನೆಯದು ಮೊದಲ ಸಲವೇ ಒಡೆಯಿತು. ಎರಡನೆಯದು ಎರಡು ಸಲ ತಡೆಯಿತು. ಆದರೆ ಅಷ್ಟರಲ್ಲಿ ಮೊಟ್ಟೆ ಕಾಗದದ ನಡುವಿನಿಂದ ಜಾರಿ ಮೂಲೆಗೆ ಬಂದು ಕೂತಿತ್ತು, ಮೂರನೆಯ ಸಲ ಒಡೆಯಿತು. ಮೂರನೆಯ ಗುಂಪಿನ ಮೊಟ್ಟೆ ಕೊನೆಯವರೆಗೂ ಉಳಿಯಿತು. ಅದನ್ನು ಮರುದಿನ ಯಾರು ತಿಂದರು ಎಂಬುದು ಇಲ್ಲಿ ಬೇಡ.

ಎರಡನೆಯ ಗುಂಪಿನಿಂದ ಒಂದು ಪಾಠ ಕಲಿತೆವು. ಮೆತ್ತೆ ಇದ್ದರೆ ಸಾಲದು, ದಾರಿಯುದ್ದಕ್ಕೂ ಗಾಡಿಯ ಅಲುಗಾಟದಲ್ಲಿ ವಸ್ತು ಜಾಗ ಬಿಟ್ಟು ಸರಿಯಬಾರದು. ಖೋಕಾ ಮುಚ್ಚಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ. ಒಳಗೆ ಗಡಗಡ ಅಂದರೆ ಮತ್ತೆ ತೆರೆದು ತುಂಬಿ.

ಎಲ್ಲದಕ್ಕೂ ಒಂದೇ ಮದ್ದಲ್ಲ

ವಾಲ್ವ್‌ಗೆ ಬೇಕಾದದ್ದೇ ಬೇರೆ ಭಾಗಗಳಿಗೂ ಬೇಕು ಎಂದೇನಿಲ್ಲ. ಯಾವುದು ಯಾವುದಕ್ಕೆ ಹೆದರುತ್ತದೆ ಎಂದು ತಿಳಿದು ಕಟ್ಟಬೇಕು.

ಟ್ರಾನ್ಸ್‌ಫಾರ್ಮರ್: ಇದು ತಾನು ಒಡೆಯುವುದಿಲ್ಲ, ಬೇರೆಯವರನ್ನು ಒಡೆಯುತ್ತದೆ! ಖೋಕಾ ನಿಂತರೂ ಒಳಗಿನ ಒಂದು ಕಿಲೋ ಕಬ್ಬಿಣ ಜಡತ್ವದಿಂದ ಮುಂದೆ ಹೋಗುತ್ತದೆ. ವಾಲ್ವ್ ಮತ್ತು ಟ್ರಾನ್ಸ್‌ಫಾರ್ಮರ್ ಒಂದೇ ಖೋಕಾದಲ್ಲಿ ಎಂದೂ ಬೇಡ.

ಗ್ಯಾಂಗ್ ಕಂಡೆನ್ಸರ್: ಸ್ಟೇಶನ್ ತಿರುಗಿಸುವ ಈ ಭಾಗದಲ್ಲಿ ತೆಳು ತಗಡಿನ ಎಲೆಗಳಿವೆ. ಕಳಿಸುವ ಮೊದಲು ತಿರುಗಿಸಿ ಎಲ್ಲ ಎಲೆಗಳನ್ನೂ ಪೂರ್ತಿ ಒಳಗೆ ಸೇರಿಸಿ. ಹೊರಗೆ ಚಾಚಿದ ಎಲೆ ಬಾಗಿದರೆ ಪಕ್ಕದ್ದಕ್ಕೆ ತಾಗಿ ಶಾರ್ಟ್ ಆಗುತ್ತದೆ.

ಸ್ಪೀಕರ್: ಹಿಂದೆ ಭಾರದ ಅಯಸ್ಕಾಂತ, ಮುಂದೆ ಕಾಗದದ ಶಂಕು. ಶಂಕುವಿನ ಮುಂದೆ ಗಟ್ಟಿ ರಟ್ಟು ಕಟ್ಟಿ. ಕಬ್ಬಿಣದ ಪುಡಿ, ಮೊಳೆಗಳಿಂದ ದೂರವಿಡಿ.

ಐಸಿ ಚಿಪ್: ಇದಕ್ಕೆ ಬೀಳುವ ಭಯ ಕಡಿಮೆ, ಸ್ಥಿರ ವಿದ್ಯುತ್ತಿನ ಭಯ ಹೆಚ್ಚು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದ್ದೀರಲ್ಲ? ಹಾಗೆಯೇ ನಮ್ಮ ಮೈಯಲ್ಲೂ ಆವೇಶ ಕೂಡುತ್ತದೆ. ಸುಮಾರು 3000 ವೋಲ್ಟ್‌ಗಿಂತ ಕಡಿಮೆ ಇದ್ದರೆ ಅದರ ಚುರುಕು ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಮಾಸ್ ಜಾತಿಯ ಚಿಪ್‌ನೊಳಗಿನ ತೆಳು ಪದರ ಅದಕ್ಕಿಂತ ಎಷ್ಟೋ ಕಡಿಮೆ ವೋಲ್ಟಿಗೂ ತೂತಾಗಬಹುದು. ಅದಕ್ಕೇ ಚಿಪ್‌ನ ಕಾಲುಗಳನ್ನು ಕಪ್ಪು ವಾಹಕ ಸ್ಪಂಜಿಗೆ ಚುಚ್ಚಿ ಕಳಿಸುತ್ತಾರೆ. ಎಲ್ಲ ಕಾಲುಗಳೂ ಒಂದೇ ವಿಭವದಲ್ಲಿದ್ದರೆ ಅಪಾಯವಿಲ್ಲ. ಥರ್ಮೋಕೋಲ್ ಚೂರುಗಳಲ್ಲಿ ಮಾತ್ರ ಇಡಬೇಡಿ, ಅದು ಸ್ಥಿರ ವಿದ್ಯುತ್ತಿನ ತವರು. ವಾಲ್ವ್‌ಗಳಿಗೆ ಈ ಭಯವಿಲ್ಲ.

ತೇವ: ನಮ್ಮ ಜತ್ತ, ಅಕ್ಕಲಕೋಟದ ಚಳಿಗಾಲದ ಒಣಹವೆಯಲ್ಲಿ ಸ್ಥಿರ ವಿದ್ಯುತ್ ಹೆಚ್ಚು. ಕಾಸರಗೋಡು, ವಯನಾಡಿನ ಮಳೆಗಾಲದಲ್ಲಿ ಚಿಂತೆ ತೇವದ್ದು. ಕಾಗದದ ಕಂಡೆನ್ಸರ್, ಸ್ಪೀಕರ್ ಶಂಕು ಇವೆಲ್ಲ ತೇವ ಹೀರುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಟ್ಟು ಬಾಯಿ ಮುಚ್ಚಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಪೊಟ್ಟಣವನ್ನು ಎಸೆಯದೆ ಇಟ್ಟುಕೊಳ್ಳಿ.

ಗ್ಯಾಲ್ವನೋಮೀಟರ್: ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಮುಳ್ಳಿನ ಮೀಟರನ್ನು ಸಾಗಿಸುವ ಮೊದಲು ಅದರ ಎರಡು ತುದಿಗಳನ್ನು ಒಂದು ತಂತಿಯಿಂದ ಜೋಡಿಸಬೇಕು. ಏಕೆ? ಒಳಗೆ ಅಯಸ್ಕಾಂತದ ನಡುವೆ ಒಂದು ಸುರುಳಿ ತೂಗುತ್ತಿರುತ್ತದೆ. ಅಲುಗಾಟಕ್ಕೆ ಸುರುಳಿ ತಿರುಗಿದರೆ ಅದರಲ್ಲಿ ವಿದ್ಯುತ್ ಪ್ರೇರಣೆ ಆಗುತ್ತದೆ. ತಂತಿ ಜೋಡಿಸಿದ್ದರೆ ಪ್ರವಾಹ ಹರಿಯುತ್ತದೆ. ಲೆನ್ಸ್ ನಿಯಮದಂತೆ ಆ ಪ್ರವಾಹ ಸುರುಳಿಯ ಚಲನೆಯನ್ನೇ ತಡೆಯುತ್ತದೆ. ಮುಳ್ಳು ಬಡಿದಾಡುವುದಿಲ್ಲ. ಹತ್ತು ಪೈಸೆಯ ತಂತಿ, ಕಣ್ಣಿಗೆ ಕಾಣದ ಮೆತ್ತೆ!

ಪೆಟ್ಟು ತಿಂದೂ ಉಳಿದ ವಾಲ್ವ್

ಇಷ್ಟೆಲ್ಲ ಓದಿ ವಾಲ್ವ್ ಎಂದರೆ ಮುಟ್ಟಿದರೆ ಮುನಿ ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನಿಗಳು ತೋಪಿನ ಗುಂಡಿನೊಳಗೇ ಒಂದು ಪುಟ್ಟ ರೇಡಿಯೋ ಇಟ್ಟರು. ಅದರಲ್ಲಿ ಗಾಜಿನ ವಾಲ್ವ್‌ಗಳಿದ್ದವು. ತೋಪಿನಿಂದ ಹಾರುವಾಗ ಅವುಗಳ ಮೇಲೆ ಗುರುತ್ವದ ಸುಮಾರು 20,000 ಪಟ್ಟು ವೇಗೋತ್ಕರ್ಷ ಬೀಳುತ್ತಿತ್ತು. ಆದರೂ ಉಳಿದವು. ಹೇಗೆ? ಬಲ = ದ್ರವ್ಯರಾಶಿ × ವೇಗೋತ್ಕರ್ಷ. ವಾಲ್ವ್ ಪುಟ್ಟದಾಗಿತ್ತು, ಒಳಗಿನ ಭಾಗಗಳ ದ್ರವ್ಯರಾಶಿ ತೀರಾ ಕಡಿಮೆ, ಆಧಾರ ಗಿಡ್ಡ ಮತ್ತು ಬಿಗಿ. ಮನೆಯ ರೇಡಿಯೋದ ವಾಲ್ವ್ ಕಪಾಟಿನಲ್ಲಿ ಸುಮ್ಮನೆ ಕೂರಲೆಂದು ಮಾಡಿದ್ದು. ಅದಕ್ಕೆ ಬೇಕಾದ ರಕ್ಷಣೆ ಹೊರಗಿನಿಂದ ನಾವು ಕೊಡಬೇಕು.

ಖಾಲಿ ಹೋಗದ ಖೋಕಾ

ಕೊನೆಗೆ ನಮ್ಮ ಖೋಕಾ ಸಿದ್ಧವಾಯಿತು. ವಾಲ್ವ್‌ಗೆ ಸುತ್ತಲೂ ಏಣು ಏಣಾದ ರಟ್ಟು, ಪಿನ್ನುಗಳಿಗೆ ಮೆತ್ತನೆಯ ಸ್ಪಂಜು. ಅದು ಸಣ್ಣ ಡಬ್ಬಿಯಲ್ಲಿ. ಆ ಡಬ್ಬಿ 5 ಸೆಂ.ಮೀ. ಕಾಗದದ ಮೆತ್ತೆಯ ನಡುವೆ, ದೊಡ್ಡ ಖೋಕಾದಲ್ಲಿ.

ಧಾರವಾಡದ ಅಜ್ಜನವರಿಗೆ ಇದೆಲ್ಲ ಫೋನಿನಲ್ಲಿ ಹೇಳುವ ಬದಲು ಖೋಕಾವನ್ನೇ ಕಳಿಸೋಣ, ಅವರು ಅದರಲ್ಲೇ ವಾಲ್ವ್ ಇಟ್ಟು ವಾಪಸ್ ಕಳಿಸಲಿ ಎಂದು ನಿರ್ಧರಿಸಿದೆವು. ಆಗ ಆ ಹುಡುಗಿಯೇ ಒಂದು ಮಾತು ಹೇಳಿದಳು: "ಸರ್, ಖಾಲಿ ಯಾಕ ಕಳಸೂದು? ಮುತ್ಯಾನ ಹಳೀ ವಾಲ್ವ್ ಒಳಗ ಇಟ್ಟು ಕಳಸೂಣು. ಅದರ ಫಿಲಮೆಂಟ್ ಅಷ್ಟೇ ಹೋಗ್ಯದ, ಬೆಳ್ಳಿ ಇನ್ನೂ ಹೊಳೀತದ. ಅಲ್ಲಿ ಮುಟ್ಟಿದಾಗೂ ಹೊಳೀತಿದ್ರ ಖೋಕಾ ಪಾಸ್!"

ನನಗೆ ಹೊಳೆದಿರಲಿಲ್ಲ! ಕೆಟ್ಟ ವಾಲ್ವ್ ಈಗ ನಮ್ಮ ಅಳತೆಯ ಉಪಕರಣವಾಯಿತು.

ಮೇಲೆ ವಿಳಾಸ ಬರೆದೆವು. ಪಿನ್ ಕೋಡ್ ದೊಡ್ಡದಾಗಿ. ಶ್ರೀರಾಮ ಭಿಕಾಜಿ ವೇಲಣಕರ ಎಂಬ ಅಂಚೆ ಇಲಾಖೆಯ ಅಧಿಕಾರಿ ರೂಪಿಸಿದ ಈ ಪದ್ಧತಿ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅವರು ಸಂಸ್ಕೃತದ ವಿದ್ವಾಂಸರೂ ಹೌದು. ಆರು ಅಂಕಿಗಳಲ್ಲಿ ಮೊದಲನೆಯದು ವಲಯ, ಕೊನೆಯ ಮೂರು ನಿಮ್ಮೂರಿಗೆ ಬಟವಾಡೆ ಮಾಡುವ ಅಂಚೆ ಕಚೇರಿ. ಅಕ್ಕಲಕೋಟ, ಜತ್ತ, ಗೋವಾ 4ರಿಂದ ಶುರು. ಆದವಾನಿ, ರಾಯದುರ್ಗ, ಮಡಕಶಿರಾ 5ರಿಂದ, ಕರ್ನಾಟಕವೂ 5ರಿಂದ. ಕಾಸರಗೋಡು, ನೀಲಗಿರಿ, ಹೊಸೂರು, ತಾಳವಾಡಿ 6ರಿಂದ. ಗಡಿಯ ಕನ್ನಡಿಗರಾದ ನಮ್ಮ ವಿಳಾಸವನ್ನು ದಾರಿಯಲ್ಲಿ ಬೇರೆ ಬೇರೆ ಭಾಷೆಯವರು ಓದುತ್ತಾರೆ. ಕನ್ನಡದ ಜೊತೆ ಇಂಗ್ಲಿಷ್‌ನಲ್ಲೂ ಬರೆಯಿರಿ. ಅಂಕಿ ಮಾತ್ರ ಎಲ್ಲರಿಗೂ ಅರ್ಥವಾಗುತ್ತದೆ. ವಿಳಾಸದ ಇನ್ನೊಂದು ಪ್ರತಿಯನ್ನು ಖೋಕಾದ ಒಳಗೂ ಇಟ್ಟೆವು. ಹೊರಗಿನ ಚೀಟಿ ಹರಿದುಹೋದರೆ ಅದು ಕೆಲಸಕ್ಕೆ ಬರುತ್ತದೆ. 'ಗಾಜು, ಜೋಪಾನ' ಎಂದೂ ಬರೆದೆವು. ಆದರೆ ಆ ಬರಹವನ್ನು ನಂಬಿ ಮೆತ್ತೆ ಕಡಿಮೆ ಮಾಡಲಿಲ್ಲ.

ಟೇಪಿನ ತುದಿಯನ್ನು ಒಂದಿಷ್ಟು ಮಡಚಿ ಬಿಟ್ಟೆವು. ದಾರಿಯಲ್ಲಿ ಉಳಿದ ವಸ್ತು ಎಷ್ಟೋ ಸಲ ತೆರೆಯುವಾಗಿನ ಚಾಕುವಿಗೆ ಬಲಿಯಾಗುತ್ತದೆ.

ಐದನೆಯ ದಿನ ಧಾರವಾಡದಿಂದ ಫೋನ್. "ಖೋಕಾದ ಒಂದ ಮೂಲಿ ಜಜ್ಜೇತಿ ನೋಡ್ರಿ. ಒಳಗ ಮಾತ್ರ ಕನ್ನಡಿ ಹಂಗ ಹೊಳೀತೈತಿ!" ಮೂಲೆ ಜಜ್ಜಿದೆ ಎಂದರೆ ಪೆಟ್ಟು ಬಿದ್ದೇ ಇತ್ತು. ಖೋಕಾ ಅದನ್ನು ತಾನು ತಿಂದು ವಾಲ್ವ್‌ಗೆ ಬಿಟ್ಟಿರಲಿಲ್ಲ. ಜಜ್ಜಿದ ಮೂಲೆಗೆ ಅವರೇ ರಟ್ಟು ಹಚ್ಚಿ, ತಮ್ಮ ಕೊನೆಯ ಇಸಿಎಚ್ 81 ಅನ್ನು ಅದರಲ್ಲಿಟ್ಟು ಕಳಿಸಿದರು. ದುಡ್ಡು ಎಷ್ಟೆಂದು ಕೇಳಿದರೆ ಅಂಚೆ ಖರ್ಚು ಬಿಟ್ಟು ಬೇರೆ ತಗೊಳ್ಳಲಿಲ್ಲ.

ವಾಲ್ವ್ ಹೊಳೆಯುತ್ತಲೇ ಬಂತು. ನಮ್ಮೂರ ಮೆಕ್ಯಾನಿಕ್ ಅದನ್ನು ಹಾಕಿ, ಕೆಟ್ಟಿದ್ದ ಎರಡು ಕಂಡೆನ್ಸರ್ ಬದಲಿಸಿದರು. ವಾಲ್ವ್ ರೇಡಿಯೋ ಬಟನ್ ಒತ್ತಿದ ಕೂಡಲೇ ಮಾತಾಡುವುದಿಲ್ಲ. ಕ್ಯಾಥೋಡ್ ಕಾಯಬೇಕು. ಸುಮಾರು ಅರ್ಧ ನಿಮಿಷ ಎಲ್ಲರೂ ಉಸಿರು ಹಿಡಿದು ನಿಂತೆವು. ಆಮೇಲೆ ದೂರದಿಂದ ಬಂದಂತೆ ದನಿ ಮೆಲ್ಲಗೆ ಏರಿತು. ಮುತ್ಯಾ ಗುಂಡಿ ತಿರುಗಿಸಿ ಧಾರವಾಡ ಹಿಡಿದ. ನಮ್ಮ ಕಡೆ ನೋಡಿ, "ಬರೂಬರಿ ಅದ" ಅಂದ. ಅಷ್ಟೇ.

ಈಗ ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಎರಡು ಸತ್ತ ವಾಲ್ವ್‌ಗಳು ಅಕ್ಕಪಕ್ಕ ಕೂತಿವೆ. ಒಂದರ ತಲೆ ಬೆಳ್ಳಗೆ, ಇನ್ನೊಂದರದ್ದು ಬೆಳ್ಳಿ. ಬೆಳ್ಳಿಯದ್ದು ಎರಡು ಸಲ ಗಡಿ ದಾಟಿ ಬಂದದ್ದು.

ನೀವೂ ಮಾಡಿ ನೋಡಿ

1. ಶಾಲೆಯ ಗ್ಯಾಲ್ವನೋಮೀಟರನ್ನು ಮೆಲ್ಲಗೆ ಅಲುಗಾಡಿಸಿ, ಮುಳ್ಳು ಎಷ್ಟು ಆಡುತ್ತದೆ ನೋಡಿ. ಈಗ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ಮತ್ತೆ ಅಲುಗಾಡಿಸಿ. ವ್ಯತ್ಯಾಸ ಬರೆದುಕೊಳ್ಳಿ.

2. ನಿಮ್ಮೂರಲ್ಲಿ ಸಿಗುವ ಮೆತ್ತೆಗಳನ್ನು ಹೋಲಿಸಿ: ಭತ್ತದ ಹುಲ್ಲು, ತೆಂಗಿನ ನಾರು, ಹತ್ತಿ, ಪತ್ರಿಕೆ. ಎಲ್ಲದರ ದಪ್ಪ 5 ಸೆಂ.ಮೀ. ಇರಲಿ, ಎತ್ತರ 1 ಮೀಟರ್ ಇರಲಿ. ಯಾವುದರಲ್ಲಿ ಮೊಟ್ಟೆ ಹೆಚ್ಚು ಸಲ ಉಳಿಯುತ್ತದೆ?

3. ಲೆಕ್ಕ: 60 ಸೆಂ.ಮೀ. ಎತ್ತರದಿಂದ ಬಿದ್ದ ವಸ್ತುವಿಗೆ 30 ಪಟ್ಟಿಗಿಂತ ಹೆಚ್ಚು ಪೆಟ್ಟು ಬೀಳಬಾರದು. ನಿಲ್ಲುವ ದೂರ ಎಷ್ಟು ಬೇಕು? ಮೆತ್ತೆ ಎಷ್ಟು ದಪ್ಪ ಇಡುತ್ತೀರಿ?

ಒಂದು ಎಚ್ಚರಿಕೆ: ಮನೆಯಲ್ಲಿ ವಾಲ್ವ್ ರೇಡಿಯೋ ಇದ್ದರೆ ನೀವೇ ಬಿಚ್ಚಬೇಡಿ. ಒಳಗೆ 250 ವೋಲ್ಟ್‌ನಷ್ಟು ವಿದ್ಯುತ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರಬಹುದು. ತಿಳಿದವರ ಹತ್ತಿರ ಒಯ್ಯಿರಿ. ಒಯ್ಯುವಾಗ ಹೇಗೆ ಕಟ್ಟಬೇಕು ಎಂಬುದು ಈಗ ನಿಮಗೆ ಗೊತ್ತೇ ಇದೆ.